ಬಾಜೂ ಕುರ್ಚಿಗೆ ಟ್ರಂಕ್ ಕಾಲ್

ನನ್ನ ಬೈತಲೆ ಸೊಟ್ಟ. ಕನ್ನಡಿಯ ಮುಂದೆ ನಿಂತು ಎಷ್ಟು ಸಾವಕಾಶ ಬಾಚಿಕೊಂಡರೂ ನಡುನೆತ್ತಿಗೆ ಬಂದ ಕೂಡಲೇ ಬಾಚಣಿಗೆ ಎಡಕ್ಕೆ ಸರಿಯುತ್ತದೆ. ಅಲ್ಲಿ ಯಾರೋ ಕೂತಿದ್ದಾರೆ, ಅವರನ್ನು ಎಬ್ಬಿಸುವುದು ಮರ್ಯಾದೆಯಲ್ಲ ಎಂಬಂತೆ ಸುತ್ತು ಹಾಕಿ ಹೋಗುತ್ತದೆ. ಒಂದು ಕಾಲದಲ್ಲಿ ಕೂತಿದ್ದದ್ದು ಖರೇ. ಬೆಳಗಾವಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರ್ ಆಗಿದ್ದಷ್ಟು ವರ್ಷವೂ ನನ್ನ ನೆತ್ತಿಯ ಮೇಲೆ ಹೆಡ್‌ಸೆಟ್ಟಿನ ಲೋಹದ ಪಟ್ಟಿ ಠಿಕಾಣಿ ಹೂಡಿತ್ತು. ಮುಂದೆ ಎಸ್‌ಟಿಡಿ ಬಂತು, ಜನ ತಾವೇ ನಂಬರ್ ತಿರುವತೊಡಗಿದರು, ನಮ್ಮ ಬೋರ್ಡನ್ನು ಕಿತ್ತು ಗುಜರಿಗೆ ಹಾಕಿದರು, ನಾನು ರಿಟೈರ್ ಆದೆ. ಕೂದಲಿಗೆ ಮಾತ್ರ ಇನ್ನೂ ಯಾರೂ ರಿಲೀವಿಂಗ್ ಆರ್ಡರ್ ಕೊಟ್ಟಿಲ್ಲ.

ಒಂದು ರವಿವಾರ ತಲೆಗೆ ಎಣ್ಣೆ ಹಚ್ಚುತ್ತ ಮೊಮ್ಮಗಳು ರಶ್ಮಿ ಈ ಸೊಟ್ಟಿನ ಕಾರಣ ಕೇಳಿದಳು. ಹೇಳಿದೆ. ಎಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದ ಹುಡುಗಿ. ಎಣ್ಣೆಗೈ ಹಾಗೇ ನಿಲ್ಲಿಸಿ, ತನಗೂ ಇಂಥದ್ದೇ ವಿಷಯದ ಮೇಲೆ ಸೆಮಿನಾರ್ ಇದೆ, ಕೇಳಲು ಯಾರೂ ಸಿಗುತ್ತಿಲ್ಲ ಎಂದಳು. ಹೀಗಾಗಿ ಮಹಾಂತೇಶ ನಗರದ ನಮ್ಮ ಮನೆಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಆಕೆ ‘ದಿ ಫ್ಯೂಚರ್ ಆಫ್ ನೆಟ್‌ವರ್ಕ್ಡ್ ಕಂಪ್ಯೂಟಿಂಗ್’ ಎಂಬ ಉಪನ್ಯಾಸದ ರಿಹರ್ಸಲ್ ನಡೆಸಿದಳು. ಸಭಿಕರು ನಾನು ಮತ್ತು ಕುಕ್ಕರ್. ಕುಕ್ಕರಿನ ಪ್ರತಿಕ್ರಿಯೆಯೇ ಹೆಚ್ಚು ಉತ್ಸಾಹದ್ದಾಗಿತ್ತು. ನಾನು ಮಾತ್ರ ಕ್ಯಾಂಪಿನ ಕಾನ್ವೆಂಟಿನಲ್ಲಿ ಓದಿದವಳ ಹುಟ್ಟುಗುಣದಂತೆ ಆಕೆಯ ಇಂಗ್ಲಿಷಿನ ‘ಎ’, ‘ದಿ’ ಆರ್ಟಿಕಲ್‌ಗಳನ್ನು ತಿದ್ದುತ್ತ ಕೂತಿದ್ದೆ. ಕೊನೆಗೆ ಬೇಸತ್ತು ಅವಳು ಕನ್ನಡಕ್ಕಿಳಿದಳು.

“ಮುಂದ ಮಷೀನಿನ್ಯಾಗ ಏನೂ ಇರೂದಿಲ್ಲ ಆಯಿ. ಪತ್ರ, ಫೋಟೋ, ಪುಸ್ತಕ, ಎಲ್ಲಾ ಎಲ್ಲ್ಯೋ ದೂರ ಇರ್ತಾವ. ನಮ್ಮ ಮುಂದ ಬರೇ ಒಂದು ಪೇಜ್. ಯಾವ ಊರಾಗ ಹೋಗಿ ಕುಂತರೂ ಅದ ಪೇಜ್ ತೆರಿತೈತಿ.”

ಆಯಿ ಅಂದರೆ ನಮ್ಮ ಕಡೆ ಅಜ್ಜಿ. ಆಯಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ನಮ್ಮ ಕಾಲದ ಕರಿಯ ಫೋನಿನೊಳಗೆ ತಾನೇ ಏನಿತ್ತು? ಒಂದು ಗಂಟೆ, ಚೂರು ತಂತಿ. ಎತ್ತಿಕೊಂಡರೆ ಡಯಲ್ ಟೋನ್ ಕೂಡ ಇರಲಿಲ್ಲ, ನಮ್ಮ ದನಿ ಇತ್ತು. ‘ನಂಬರ್ ಪ್ಲೀಸ್.’ ಊರುಗಳು, ನಂಬರುಗಳು, ಯಾರ ಮನೆ ಎಲ್ಲಿ, ಯಾವ ಲೈನು ಮಧ್ಯಾಹ್ನ ಗೊರಗೊರ ಅನ್ನುತ್ತದೆ ಎಂಬುದೆಲ್ಲ ಎಕ್ಸ್‌ಚೇಂಜಿನಲ್ಲಿತ್ತು. ಮಷೀನಿನ ಬಾಗಿಲಲ್ಲಿ ನಿಂತು ಬಂದವರನ್ನು ಮಾತಾಡಿಸುವ ಮುಖಕ್ಕೆ ಇಂಟರ್‌ಫೇಸ್ ಎನ್ನುತ್ತಾರೆಂದು ರಶ್ಮಿ ಹೇಳಿಕೊಟ್ಟಳು. ಅಂದರೆ ನಾನು ಇಷ್ಟು ವರ್ಷ ಇಂಟರ್‌ಫೇಸ್ ಆಗಿದ್ದೆ, ಮತ್ತು ನನಗೆ ಯಾರೂ ತಿಳಿಸಿರಲಿಲ್ಲ.

ಆದರೆ ಐ ಮಸ್ಟ್ ಸೇ, ನಾವು ರಶ್ಮಿಯ ಪೇಜುಗಳಷ್ಟು ಜಿಗುಟು ಸ್ವಭಾವದವರಲ್ಲ. ಅವಕ್ಕೆ ಮೊದಲು ಹೆಸರು ಬೇಕು, ಆಮೇಲೆ ಪಾಸ್‌ವರ್ಡ್, ಆಮೇಲೆ ‘ಆರ್ ಯೂ ಶೂರ್?’ ಎಂಬ ಅನುಮಾನ. ಒಮ್ಮೊಮ್ಮೆ ಕೆಳಗಿನ ಮೂಲೆಯಲ್ಲಿ ‘ಡನ್, ಬಟ್ ವಿತ್ ಎರರ್ಸ್ ಆನ್ ಪೇಜ್’ ಎಂದು ಬರುತ್ತದೆ. ಮುಗಿದಿದೆ, ಆದರೆ ತಪ್ಪುಗಳೊಂದಿಗೆ. ನನ್ನ ವಯಸ್ಸಿನವರಿಗೆ ಅದನ್ನು ಓದಿದಾಗ ಕಂಪ್ಯೂಟರು ಯಾರ ಬಗ್ಗೆ ಹೇಳುತ್ತಿದೆ ಎಂಬ ಸಂಶಯ ಬರುತ್ತದೆ.

ನಮ್ಮಲ್ಲಿ ಹಾಗಿರಲಿಲ್ಲ. ಹಲಸಿ ಊರಿನ ಪೋಸ್ಟಾಫೀಸಿನಿಂದ ಒಮ್ಮೆ ಒಬ್ಬ ಹೆಣ್ಣುಮಗಳು, ನಮ್ಮಣ್ಣಗ ಹಚ್ಚಿಕೊಡ್ರಿ ಎಂದಳು. ನಂಬರಿಲ್ಲ, ಅಡ್ಡಹೆಸರಿಲ್ಲ. ಬೆಳಗಾವಿಯಲ್ಲಿ ದಲಾಲಿ ವ್ಯಾಪಾರದ ಅಡತಿ ಅಂಗಡಿಯಲ್ಲಿರುತ್ತಾನೆ ಎಂಬುದಷ್ಟೇ ವಿಳಾಸ. ನಾನು ಇಂಗ್ಲಿಷಿನಲ್ಲಿ ಸಾರಿ ಹೇಳುವ ತಯಾರಿಯಲ್ಲಿದ್ದಾಗ ನಡುವಿದ್ದ ಖಾನಾಪುರದ ಆಪರೇಟರ್ ತಡೆದು, ಅವನ ಹೆಸರು ತನಗೂ ಗೊತ್ತಿಲ್ಲ, ಆದರೆ ಮಾತಿಗೆ ಮೊದಲು ಒಂದು ಸಲ ಕೆಮ್ಮುತ್ತಾನೆ, ಮೆಣಸಿನಕಾಯಿ ಅಡತಿಗಳನ್ನೇ ಒಂದೊಂದಾಗಿ ಹಚ್ಚಿ ನೋಡು ಎಂದಳು. ಹಚ್ಚಿದೆ. ಒಂದು ಅಂಗಡಿ ಕೆಮ್ಮಿತು. ಅಣ್ಣ ಸಿಕ್ಕ.

ಆ ಖಾನಾಪುರದ ಆಪರೇಟರೇ ಶಾಂತಾ. ಅವಳನ್ನು ನಾನು ಎಷ್ಟೋ ವರ್ಷ ಆ ಹೆಸರಿನಿಂದ ಕರೆದದ್ದೇ ಇಲ್ಲ. ಎಕ್ಸ್‌ಚೇಂಜುಗಳ ನಡುವೆ ನಮಗೆ ಊರುಗಳೇ ಹೆಸರು. ನಾನು ಬೆಳಗಾಂವ, ಅವಳು ಖಾನಾಪುರ. ‘ಖಾನಾಪುರ, ಇವತ್ತ ಏನು ಪಲ್ಯ?’ ಎಂದು ಕೇಳಿದರೆ ಇಡೀ ತಾಲೂಕು ಬದನೆಕಾಯಿ ತಿಂದಂತೆ ಉತ್ತರ ಬರುತ್ತಿತ್ತು. ಮೂಲತಃ ನಂದಗಡದ ಹುಡುಗಿ, ಮಾತಿನಲ್ಲಿ ಅರ್ಧ ಕನ್ನಡ ಅರ್ಧ ಮರಾಠಿ, ಮದುವೆಯಾಗಲಿಲ್ಲ, ಖಾನಾಪುರದಲ್ಲಿ ತಮ್ಮನ ಸಂಸಾರದ ಜೊತೆ ಇದ್ದಾಳೆ. ಕಾಲ್ ಇಲ್ಲದ ಹೊತ್ತಿನಲ್ಲಿ ಲೈನು ನಮ್ಮದೇ. ಯಾರ ಸೀರೆಗೆ ಎಂಥ ಅಂಚು, ಯಾವ ಸೂಪರ್‌ವೈಸರ್ ಯಾರ ಜೊತೆ ಮಾತುಬಿಟ್ಟರು, ಮಲಪ್ರಭೆಯ ಸೇತುವೆಯ ಮೇಲೆ ಯಾರ ಛತ್ರಿ ಹಾರಿಹೋಯಿತು. ಒಬ್ಬರ ಮುಖ ಒಬ್ಬರು ನೋಡುವ ಮೊದಲೇ ನಾವು ಜಗಳವಾಡಿ ರಾಜಿಯೂ ಆಗಿದ್ದೆವು.

ಒಂದು ಶಿಸ್ತು ಮಾತ್ರ ಇಬ್ಬರಿಗೂ ಮೂಳೆಯಲ್ಲಿ ಇಳಿದಿತ್ತು. ಇನ್ನೊಂದು ಊರನ್ನು ಕರೆದವರು ಗಂಟೆ ಬಾರಿಸಿ ಸುಮ್ಮನಿರಬೇಕು. ಕರೆಸಿಕೊಂಡ ಊರು ಮೊದಲು ತನ್ನ ಹೆಸರು ಹೇಳಬೇಕು. ಅದಕ್ಕೆ ಮೊದಲು ಕರೆದವರು ಬಾಯಿ ತೆರೆದರೆ ಎರಡು ದನಿ ಡಿಕ್ಕಿ ಹೊಡೆದು ಇಬ್ಬರಿಗೂ ಏನೂ ಕೇಳುವುದಿಲ್ಲ. ನನಗಂತೂ ಕಾನ್ವೆಂಟಿನ ಸಿಸ್ಟರ್ ಇದನ್ನು ಸಣ್ಣಂದಿನಿಂದಲೇ ಅರೆದು ಕುಡಿಸಿದ್ದರು, ಮಾತಾಡಿಸಿದಾಗ ಮಾತ್ರ ಮಾತಾಡು ಎಂದು. ಎಲೊಕ್ಯೂಶನ್, ಅಂದರೆ ಭಾಷಣದ, ಬಹುಮಾನ ಕೊಡುತ್ತಿದ್ದವರೂ ಅವರೇ ಎಂಬುದು ಬೇರೆ ಮಾತು.

ರಿಟೈರ್ ಆದ ಮೇಲೂ ವಾರಕ್ಕೊಮ್ಮೆ ಶಾಂತಾಳಿಗೆ ಫೋನ್ ಮಾಡುತ್ತಿದ್ದೆ. ಮೊದಲು ನನ್ನ ಮಾತಿಗೆ ತಪ್ಪು ತಪ್ಪು ಉತ್ತರ ಬರತೊಡಗಿತು. ನಾನು ನಮ್ಮ ಸಣ್ಣ ಸೊಸೆಯ ಬಾಣಂತನದ ಸುದ್ದಿ ಹೇಳಿದರೆ ಅವಳು ಗೋಧಿಯ ಬಗ್ಗೆ ಹೇಳುತ್ತಿದ್ದಳು. ಕ್ರಮೇಣ ರಿಸೀವರನ್ನು ತಮ್ಮನ ಹೆಂಡತಿ ಲೀಲಾಳ ಕೈಗೆ ಕೊಟ್ಟು ಎದ್ದು ಹೋಗತೊಡಗಿದಳು. ಉಸಿರಿನ ಮೇಲೆಯೇ ಇಂಥವರೆಂದು ಗುರುತು ಹಿಡಿಯುತ್ತಿದ್ದ ಕಿವಿ ಅದು, ಹತ್ತಿರ ಬಾಯಿಟ್ಟು ಒದರಿದರೆ ಮಾತ್ರ ಒಂದೆರಡು ಮಾತು ಮುಟ್ಟುವಷ್ಟು ಹೋಯಿತು. ಕಿವಿಗೆ ಹಾಕುವ ಮಷೀನು ತಂದುಕೊಟ್ಟರು. ಕಿವಿಯೊಳಗೆ ಶಿಳ್ಳೆ ಹೊಡೆಯುತ್ತದೆ ಎಂದು ಅದನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟಳಂತೆ.

ನಾನು ಪತ್ರ ಬರೆದೆ. ‘ನಾವೆಲ್ಲರೂ ಕ್ಷೇಮ’ ಎಂದು ಉತ್ತರ ಬಂತು. ಪತ್ರದಲ್ಲಿ ನಾವಿಬ್ಬರೂ ಸರಕಾರಿ ನೌಕರರಾಗಿಬಿಡುತ್ತಿದ್ದೆವು. ಹರಟೆಗೆ ಮಾತಿನ ಬೆನ್ನಿಗೇ ಮಾತು ಬರಬೇಕು, ವಾರ ಬಿಟ್ಟು ಬಂದರೆ ಅದು ಹರಟೆಯಲ್ಲ, ವರದಿ. ಒಮ್ಮೆ ಹೋಗಿ ಎದುರಿಗೆ ಕೂತು ಕಾಗದದ ಮೇಲೆ ಬರೆದು ತೋರಿಸಿದೆ. ನಾನು ಬರೆಯುವುದು, ಅವಳು ತನಗೇ ಕೇಳದ ದೊಡ್ಡ ದನಿಯಲ್ಲಿ ಉತ್ತರ ಹೇಳುವುದು, ಮನೆಯವರೆಲ್ಲ ತಿರುಗಿ ನೋಡುವುದು. ಮೂರನೆಯ ಪ್ರಶ್ನೆಗೆ ಕಾಗದವನ್ನು ದೂರ ಸರಿಸಿ, ನನಗ ಪರೀಕ್ಷಾ ಇಡಬ್ಯಾಡ ಎಂದುಬಿಟ್ಟಳು. ಆಮೇಲೆ ನಾನು ಏನು ಅಂದರೂ ನಗುತ್ತ ಹೂಂ, ಹೂಂ. ಅವಳು ಯಾರಿಗೂ ಹೂಂ ಅಂದವಳೇ ಅಲ್ಲ.

ರಶ್ಮಿ ಸೆಮಿನಾರಿನಲ್ಲಿ ತೋರಿಸಲು ಒಂದು ಪೇಜು ತಯಾರಿಸಿದ್ದಳು. ಅದನ್ನು ಒಬ್ಬರು ಇಲ್ಲಿ, ಇನ್ನೊಬ್ಬರು ಇನ್ನೊಂದು ಊರಲ್ಲಿ ಏಕಕಾಲಕ್ಕೆ ತೆರೆದರೆ, ಇವರು ಟೈಪ್ ಹೊಡೆದ ಮಾತು ಅವರಿಗೆ, ಅವರು ಹೊಡೆದದ್ದು ಇವರಿಗೆ ಕೂಡಲೇ ಕಾಣುತ್ತದೆ. ಕನ್ನಡ ಅಕ್ಷರ ಬರುತ್ತಿರಲಿಲ್ಲ, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕು. ಪರೀಕ್ಷಿಸಲು ಬೇರೆ ಊರಿನವರು ಯಾರಾದರೂ ಬೇಕು, ಕಂಪ್ಯೂಟರಿನ ಗಂಧವಿಲ್ಲದವರಾದರೆ ಇನ್ನೂ ಛಲೋ ಎಂದಳು. ಹಳೆಯ ಬೋರ್ಡಿನ ಮೇಲೆ ಕರೆ ಬಂದಾಗ ಹತ್ತುತ್ತಿದ್ದ ಖಾನಾಪುರದ ದೀಪ ನನ್ನ ಎದೆಯೊಳಗೆ ಪಟ್ಟನೆ ಹತ್ತಿತು. ಅಲ್ಲಿ ಕಿವಿಯ ಕೆಲಸವೇ ಇಲ್ಲವಲ್ಲ. ಇಬ್ಬರೂ ಬರೆಯಬೇಕು, ಇಬ್ಬರೂ ಸಮ.

ಲೀಲಾಳಿಗೆ ಫೋನ್ ಮಾಡಿದೆ. ಖಾನಾಪುರದಲ್ಲೂ ಇಂಟರ್‌ನೆಟ್ ಇರುವ ಕಂಪ್ಯೂಟರ್ ಸೆಂಟರ್ ಆಗಿತ್ತು, ಕರೆದುಕೊಂಡು ಹೋಗುತ್ತೇನೆ ಎಂದಳು. ಆಮೇಲೆ ಹೇಳಿದಳು: “ಅಕ್ಕಾರ, ನಮ್ಮ ಶಾಂತಕ್ಕಾರು ಈಗ ಗ್ವಾಡಿ ಕಡೆ ಮಾರಿ ಮಾಡಿ ಕುಂತಿರ್ತಾರ. ನಿಮ್ಮ ಹೆಸರು ಹೇಳಿದ್ದಕ್ಕ ಹೂಂ ಅಂದಾರ. ಇದೂ ಹುಸಿ ಆದ್ರ ಮತ್ತ ಅವರನ್ನ ಯಾರೂ ಎಬ್ಬಸಾಕ ಆಗೂದಿಲ್ಲ ನೋಡ್ರಿ.”

ಗೊತ್ತಾದ ದಿನ ಮುಂಜಾನೆ ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಕಂಪ್ಯೂಟರಿನ ಮುಂದೆ ಕೂತೆ. ಮೋಡೆಮ್ಮು ಗಂಟಲು ಸರಿಪಡಿಸಿಕೊಂಡು ಕೀಂಯ್‌ಗುಟ್ಟಿ ಲೈನು ಹಿಡಿಯಿತು. ಪೇಜು ತೆರೆದುಕೊಟ್ಟ ರಶ್ಮಿ, ಇದರಲ್ಲಿ ಕಲಿಸುವಂಥದ್ದು ಏನೂ ಇಲ್ಲ, ಅಷ್ಟು ಸಿಂಪಲ್ ಮಾಡಿದ್ದೇನೆ ಎಂದು ಹೇಳಿ ಸ್ನಾನಕ್ಕೆ ಹೋದಳು. ಪಕ್ಕದ ಪಟ್ಟಿಯಲ್ಲಿ ಬೆಳಗಾಂವ ಎಂಬ ನನ್ನ ಹೆಸರಿತ್ತು, ಅದರ ಮೇಲೆ ಖಾನಾಪುರ ಎಂದು ಆಗಲೇ ಮೂಡಿತ್ತು. ಬಂದಿದ್ದಾಳೆ. ನಾನು ಕೈ ಮಡಚಿ ಕೂತೆ.

ಕರೆಸಿದವಳು ನಾನು. ಆದ್ದರಿಂದ ಊರಿನ ಹೆಸರು ಹೇಳಬೇಕಾದವಳು ಅವಳು. ಇದನ್ನು ನಾನು ವಿಚಾರ ಮಾಡಿ ತೀರ್ಮಾನಿಸಿದೆ ಎಂದುಕೊಳ್ಳಬೇಡಿ. ಬಾಚಣಿಗೆ ಎಡಕ್ಕೆ ಸರಿಯುವ ಹಾಗೆ ತಾನಾಗಿ ಆದದ್ದು. ಬಿಳಿಯ ಪೇಜು ಹಾಗೇ ಇತ್ತು. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುತ್ತಿರಬೇಕು, ಪಾಪ, ನಡುವೆ ತಲೆ ಹಾಕಬಾರದು ಎಂದುಕೊಂಡೆ. ಮತ್ತಷ್ಟು ಕಾದೆ. ನೋಡುತ್ತಿದ್ದ ಹಾಗೆ ಪಟ್ಟಿಯಿಂದ ಖಾನಾಪುರ ಅಳಿಸಿ ಹೋಯಿತು. ಬೆಳಗಾಂವ ಒಂದೇ ಉಳಿಯಿತು.

ರಶ್ಮಿ ಬಂದು ಲೈನು ಬಿಡಿಸಿದ ಕೂಡಲೇ ಫೋನು ಹೊಡೆದುಕೊಂಡಿತು. ಲೀಲಾ ಆಗಿನಿಂದ ಪ್ರಯತ್ನಿಸುತ್ತಿದ್ದಳಂತೆ. ಕಂಪ್ಯೂಟರು ಫೋನಿನ ತಂತಿಯನ್ನೇ ಹಿಡಿದು ಕೂತಿತ್ತಲ್ಲ, ನನ್ನ ಮನೆಯಿಂದ ಅವಳಿಗೆ ಕೇಳಿದ್ದು ಎಂಗೇಜ್ಡ್ ಟೋನ್. ಶಾಂತಾ ಎದ್ದು ಮನೆಗೆ ಹೋಗಿದ್ದಳು. ಹೋಗುವಾಗ ಹೇಳಿದ್ದನ್ನು ಲೀಲಾ ಹಿಂದೆಮುಂದೆ ನೋಡುತ್ತಲೇ ನನಗೆ ದಾಟಿಸಿದಳು.

“ಬೆಳಗಾಂವ ಲೈನಿಗೆ ಬಂತು, ಉಸರು ಬಿಡಲಿಲ್ಲ ಅಂದ್ರು. ಕಿವಿ ಇಲ್ಲದಾಕಿ ಕೂಡ ಯಾರು ಮಾತಾಡ್ತಾರ ಅಂದ್ರು.”

ನಡೆದದ್ದನ್ನು ರಶ್ಮಿಗೆ ಹೇಳಿದೆ. ರಶ್ಮಿ ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. ನಮ್ಮ ಎಕ್ಸ್‌ಚೇಂಜಿನ ಶಿಸ್ತನ್ನು ಮತ್ತೆ ಮತ್ತೆ ಕೇಳಿ ತಿಳಿದುಕೊಂಡು, ತಪ್ಪು ನಿಂದಲ್ಲ ಆಯಿ, ನನ್ನ ಪೇಜಿಂದು ಎಂದಳು. ದೊಡ್ಡ ಮನಸ್ಸಿನ ಹುಡುಗಿ. ಆದರೆ ಆಮೇಲೆ ಯೋಚಿಸಿದಾಗ ಅವಳ ಮಾತು ಬರೀ ಸಮಾಧಾನವಲ್ಲ ಎನ್ನಿಸಿತು. ಫೋನಿನ ಲೈನಿನಲ್ಲಿ ಮೌನಕ್ಕೂ ಸದ್ದಿತ್ತು. ಆ ಕಡೆಯವರು ಸುಮ್ಮನಿದ್ದರೂ ಉಸಿರು ಕೇಳುತ್ತಿತ್ತು, ಬಳೆ, ಹಿಂದೆ ಓಡುವ ಫ್ಯಾನು. ಅದರ ಮೇಲೆಯೇ ಸಿಟ್ಟೋ ಅಳುವೋ ಸಂಕೋಚವೋ ತಿಳಿಯುತ್ತಿತ್ತು. ಪೇಜಿನ ಮೌನ ಹಾಗಲ್ಲ. ಅಲ್ಲಿ ಸುಮ್ಮನೆ ಇರುವವರಿಗೂ ಇಲ್ಲದೇ ಇರುವವರಿಗೂ ಒಂದೇ ಬಿಳುಪು. ನಾಳೆ ಜಗತ್ತೆಲ್ಲ ಇಂಥ ಪೇಜುಗಳ ಮೂಲಕವೇ ಮಾತಾಡುವುದಾದರೆ, ಮಾತು ದಾಟಿಸುವುದನ್ನು ಈ ಹುಡುಗರು ಹೇಗೂ ಕಲಿಯುತ್ತಾರೆ. ನಾನು ಇಲ್ಲೇ ಇದ್ದೇನೆ, ಸುಮ್ಮನಿದ್ದೇನೆ ಅಷ್ಟೇ, ಎಂಬುದನ್ನು ದಾಟಿಸುವುದು ಹೇಗೆ?

ಇದನ್ನು ರಶ್ಮಿಗೆ ನನಗೆ ತಿಳಿದ ಹಾಗೆ ಹೇಳಿದೆ. ಅವಳು ಪೇಜಿನಲ್ಲಿ ಒಂದು ಸಾಲು ಸೇರಿಸಿದಳು. ಒಬ್ಬರು ಪೇಜು ತೆರೆದು ಕೂತಿರುವಷ್ಟು ಹೊತ್ತೂ ಇನ್ನೊಬ್ಬರಿಗೆ ಅವರ ಹೆಸರಿನ ಕೆಳಗೆ ‘ಕೇಳುತ್ತಿದ್ದಾರೆ’ ಎಂದು ಕಾಣುತ್ತದೆ. ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ.

ಆದರೆ ಶಾಂತಾಳನ್ನು ಮತ್ತೆ ಆ ಕುರ್ಚಿಯವರೆಗೆ ಕರೆತರುವವರು ಯಾರು? ಏನಾಯಿತೆಂದು ಅವಳ ಕಿವಿಗೆ ಒದರಿ ಹೇಳಲು ಲೀಲಾಳಿಂದ ಆಗಲಿಲ್ಲ. ಪತ್ರ ಬರೆದರೆ ‘ಕ್ಷೇಮ’ ಎಂದು ಬಂದೀತು. ಕೊನೆಗೆ ನಾನೇ ಖಾನಾಪುರದ ಬಸ್ ಹತ್ತಿದೆ.

ಶಾಂತಾ ಪಡಸಾಲೆಯಲ್ಲಿ ಮೊರದ ತುಂಬ ಜೋಳ ಹಸನು ಮಾಡುತ್ತಿದ್ದಳು. ನನ್ನ ನೆರಳು ಬಿದ್ದಾಗ ತಲೆ ಎತ್ತಿದಳು, ಮತ್ತೆ ಜೋಳದ ಕಡೆ ನೋಡಿದಳು. ಇಡೀ ಓಣಿಗೆ ಕೇಳುವ ದನಿಯಲ್ಲಿ ಅಂದಳು:

“ಯಾಕ ಬಂದಿ? ಮಾತಾಡಾಕೋ, ನೋಡಾಕೋ?”

ಇದಕ್ಕೆ ನಾನು ಏನು ಉತ್ತರ ಹೇಳಿದರೂ ಅವಳಿಗೆ ಕೇಳುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಮೊರವನ್ನು ಪಕ್ಕಕ್ಕಿಟ್ಟೆ, ಅವಳ ಮುಂಗೈ ಹಿಡಿದೆ, ಬಾಗಿಲ ಬಳಿಯ ಚಪ್ಪಲಿ ತೋರಿಸಿದೆ. ಬರುವುದಿಲ್ಲ ಎನ್ನುತ್ತಲೇ ಒಂದು ಚಪ್ಪಲಿ ಮೆಟ್ಟಿದಳು. ಇನ್ನೊಂದನ್ನು ಲೀಲಾ ಕಾಲಿಗೆ ಸೇರಿಸಿದಳು.

ಕಂಪ್ಯೂಟರ್ ಸೆಂಟರಿನಲ್ಲಿ ಪ್ಲೈವುಡ್ಡಿನ ಅಡ್ಡಗೋಡೆ ಹಾಕಿ ಸಣ್ಣ ಸಣ್ಣ ಗೂಡು ಮಾಡಿದ್ದರು. ನಾನು ಎರಡು ಗೂಡು ಕೇಳಿದೆ, ಅದೂ ಬಾಜೂಬಾಜೂ, ಒಂದರ ಪಕ್ಕ ಒಂದು. ಸೆಂಟರಿನವನು ನಮ್ಮಿಬ್ಬರನ್ನೂ ನೋಡಿ, ಇಬ್ಬರಿಗೂ ಒಂದ ಸಾಕಾಗೂದಿಲ್ಲೇನ್ರಿ ಅಜ್ಜಿ ಎಂದ. ನಾವು ಬೇರೆ ಬೇರೆ ಊರಾಗ ಅದೀವಪ್ಪಾ ಎಂದೆ. ಅವನು ಎರಡು ಗೂಡು ತೋರಿಸಿದ. ಲೀಲಾ ಶಾಂತಾಳನ್ನು ಆ ಕಡೆ ಕೂರಿಸಿ ಪೇಜು ತೆರೆದುಕೊಟ್ಟು, ಕಾಯಿಪಲ್ಯ ತರುತ್ತೇನೆಂದು ಹೋದಳು. ಜಾಣೆ.

ರಶ್ಮಿಯ ಪೇಜು ಅಮೆರಿಕದ ಯಾವುದೋ ಮಷೀನಿನಲ್ಲಿ ಇರುತ್ತದಂತೆ. ಅಂದರೆ ಒಂದು ಪ್ಲೈವುಡ್ ದಾಟಲು ನನ್ನ ಮಾತು ಸಮುದ್ರ ದಾಟಿ ಹೋಗಿ ಬರಬೇಕು. ಇರಲಿ. ನಮಗೆ ಲಾಂಗ್ ಡಿಸ್ಟನ್ಸ್ ರೂಢಿಯೇ. ಪಟ್ಟಿಯಲ್ಲಿ ಎರಡೂ ಊರು ಮೂಡಿದವು, ಖಾನಾಪುರದ ಕೆಳಗೆ ‘ಕೇಳುತ್ತಿದ್ದಾರೆ’ ಎಂದು ಬಂತು. ಕಾನ್ವೆಂಟಿನ ಸಿಸ್ಟರ್ ಅವರ ಕ್ಷಮೆ ಕೋರಿ ನಾನೇ ಮೊದಲು ಹೊಡೆದೆ. ಬೆಳಗಾಂವ ಮಾತಾಡಾಕತ್ತೀನಿ. ಅವತ್ತು ಕರದಾಕಿ ನಾ ಅಂತ, ನೀ ಊರ ಹೆಸರು ಹೇಳೂತನಾ ಕಾಯಕೋತ ಕುಂತಿದ್ದೆ.

 ಆಮೇಲೆ ಪ್ಲೈವುಡ್ಡಿನ ಹಿಂದಿನಿಂದ ಟಕ್ ಎಂದಿತು. ಬಹಳ ಹೊತ್ತಿಗೆ ಇನ್ನೊಂದು ಟಕ್. ಕೋಳಿ ಕಾಳು ಆರಿಸಿದ ಹಾಗೆ. ನಾನು ಎದ್ದು ಇಣುಕಿ ನೋಡಬಹುದಿತ್ತು, ನೋಡಲಿಲ್ಲ.

“ಮೊದಲ ಬಂದು ಕುಂತಾಕಿ ನಾ. ಕರದಾಕಿ ನಾ ಆದೆ. ಹೆಸರು ನೀ ಹೇಳಬೇಕಿತ್ತು. ರೂಲ್ ನನಗ ಕಲಸ್ತಿ?”

ನಾನು ನಕ್ಕೆ. ತಪ್ಪು ಯಾರದೆಂದು ಸ್ವಲ್ಪ ಹೊತ್ತು ವಾದ ನಡೆಯಿತು. ಅವಳು ಬಿಟ್ಟುಕೊಡಲಿಲ್ಲ, ನಾನೂ ಬಿಟ್ಟುಕೊಡಲಿಲ್ಲ. ಹಳೆಯ ದಿನಗಳ ಹಾಗೇ ಇತ್ತು. ಆಗ ನಾನು ಹಿರಿಯರು ಕೇಳಬೇಕಾದದ್ದನ್ನು ಕೇಳಿದೆ: ಕಿವಿಗೆ ಡಾಕ್ಟರು ಏನಂದರು, ಹುಬ್ಬಳ್ಳಿಗೆ ತೋರಿಸೋಣವೇ, ಔಷಧ ಸರಿಯಾಗಿ ತಗೊಳ್ಳುತ್ತಿದ್ದೀಯಾ. ಟಕ್ ಟಕ್ ನಿಂತಿತು. ತಪ್ಪಾಯಿತೇನೋ ಎಂದುಕೊಂಡೆ. ಮತ್ತೆ ಶುರುವಾಯಿತು. ಈ ಸಲ ಬಹಳ ಹೊತ್ತು ನಡೆಯಿತು, ನಡುವೆ ನಿಲ್ಲಲಿಲ್ಲ.

“ಅದನ್ನ ಕೇಳಬ್ಯಾಡ. ಮನ್ಯಾಗ ಎಲ್ಲಾರೂ ಬೇಕಾದ ಮಾತಷ್ಟ ಒದರಿ ಹೇಳ್ತಾರ. ಊಟಾ ಮಾಡು. ಗುಳಿಗಿ ತಗೋ. ಬಾಗಲಾ ಹಾಕು. ಒದರಾಕ ತ್ರಾಸ ಆಕ್ಕೈತಿ, ಅದಕ್ಕ ಬ್ಯಾಡಾದ ಮಾತು ಯಾರೂ ಹೇಳೂದಿಲ್ಲ. ವರ್ಷಾತು ಒಂದು ಬ್ಯಾಡಾದ ಮಾತು ಕೇಳಿ. ನೀ ಅದನ್ನ ಹೇಳು.”

ನಾನು ಕೀಬೋರ್ಡಿನ ಮೇಲೆ ಕೈ ಇಟ್ಟುಕೊಂಡು ಕೂತೆ. ನೋಡಿ, ಬೇಕಾದ ಮಾತು ಕೇಳಿದರೆ ತಟ್ಟನೆ ಹೊಳೆಯುತ್ತದೆ, ಬ್ಯಾಡಾದದ್ದನ್ನು ಹೀಗೆ ಎದುರಿಗೆ ಕೂತು ಬೇಡಿದರೆ ಒಂದೂ ನೆನಪಾಗುವುದಿಲ್ಲ. ಕನ್ನಡಕ ಒರೆಸಿಕೊಂಡೆ. ಮಂಜಾಗಿತ್ತು. ಪೇಜಿನ ಮೇಲೆ ‘ಖಾನಾಪುರ ಕೇಳುತ್ತಿದ್ದಾರೆ’ ಎಂಬ ಸಾಲು ಅಲ್ಲಾಡದೆ ನಿಂತಿತ್ತು.

ಕೊನೆಗೆ ಹೊಡೆದೆ. ನಮ್ಮ ಬಾಜೂ ಮನಿಯಾಕಿ ವಾಷಿಂಗ್ ಮಷೀನ್ ತಂದಾಳ. ಅರಬಿ ಮೊದಲ ಬಚ್ಚಲದಾಗ ಕುಂತು ಕೈಲೆ ಸ್ವಚ್ಛ ಒಗಿತಾಳ, ಆಮ್ಯಾಲೆ ಮಷೀನಿಗೆ ಹಾಕ್ತಾಳ. ಹೊಸಾ ಮಷೀನ್ ಹೊಲಸ ಆಗಬಾರದಂತ.

ಸಮುದ್ರ ದಾಟಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿತ್ತು. ಆಮೇಲೆ ಪ್ಲೈವುಡ್ಡಿನ ಆ ಕಡೆಯಿಂದ ಅವಳು ನಕ್ಕದ್ದು ಕೇಳಿತು. ತನಗೆ ಕೇಳದಿರುವುದರಿಂದ ಅದಕ್ಕೆ ಅಂಕೆಯೇ ಇರಲಿಲ್ಲ. ಗೂಡುಗಳಲ್ಲಿದ್ದವರೆಲ್ಲ ಕುರ್ಚಿ ತಿರುಗಿಸಿ ನೋಡಿದರು. ಸೆಂಟರಿನವನು ಎದ್ದು ನಿಂತ. ನಗು ಇನ್ನೂ ನಡೆದಿರುವಾಗಲೇ ಟಕ್ ಟಕ್ ಶುರುವಾಯಿತು, ಒಂದು ಪದ ಬಂತು.

“ಮುಂದ?”

ಆಕೆಯ ಗಂಡ ಆ ಮಷೀನಿಗೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗುವುದನ್ನು ಹೇಳುವುದು ಇನ್ನೂ ಬಾಕಿ ಇತ್ತು. ಹೇಳತೊಡಗಿದೆ.